ಕಪ್ತಾನನ ಪರ ನಿಂತ ಶಾರದಕ್ಕ

"ಅವ್ನ ಜಾಗ್ದಲ್ಲಿ ನಾನಿದ್ದಿದ್ರೂ ಎತ್ತಿ ನೀರಿಗೇ ಹಾಕ್ತಿದ್ನೇನೋ ಕಣ್ರೀ."

ಹೀಗಂದವರು ನಮ್ಮ ಶಾರದಕ್ಕ. ಬಾಯಿಗೆ ಹೋಗುತ್ತಿದ್ದ ನನ್ನ ಕಾಫಿ ಲೋಟ ಅಲ್ಲೇ ನಿಂತಿತು.

ಕೆ.ಆರ್. ನಗರದ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಐದಾರು ಹೆಂಗಸರು ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. (ಪುಸ್ತಕಕ್ಕಿಂತ ಸೊಸೆಯಂದಿರ ಬಗ್ಗೆಯೇ ಜಾಸ್ತಿ, ಅದಿರಲಿ.) ಈ ಸಲದ್ದು ಹಳೆಯ ಕಾಲದ ಒಂದು ಕಡಲ ಸಾಹಸದ ಕಾದಂಬರಿ, ಕನ್ನಡ ಅನುವಾದದಲ್ಲಿ. (ಹೆಸರು ಹೇಳಲ್ಲ, ಕಥೆ ಬಿಟ್ಟುಕೊಟ್ಟೆ ಅಂತ ಬೈಯುತ್ತೀರಿ.) ಅದರಲ್ಲೊಬ್ಬ ಕಪ್ತಾನ. ಹಡಗಿನಲ್ಲಿ ಕುಡಿಯುವ ನೀರು ಮುಗಿಯುತ್ತಾ ಬಂದಾಗ, ಜ್ವರ ಬಂದು ಮಲಗಿದ್ದ ನಾವಿಕನನ್ನು ಜೀವಂತ ಸಮುದ್ರಕ್ಕೆ ಎಸೆಯುತ್ತಾನೆ.

ಬಿರುಗಾಳಿಯ ವರ್ಣನೆ ಸೂಪರ್. ಸಮುದ್ರವನ್ನೇ ನೋಡದ ನಾನೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೇ ಓದಿದೆ. ಆದರೆ ಈ ಕಪ್ತಾನ? ಮೊದಲ ಪುಟದಿಂದ ಕೊನೆಯವರೆಗೂ ಹಲ್ಲು ಕಡಿಯುತ್ತಲೇ ಇರುತ್ತಾನೆ. "ಇಂಥ ಮನುಷ್ಯ ಎಲ್ಲಾದ್ರೂ ಇರ್ತಾನಾ? ವಿಲನ್ ಬೇಕು ಅಂತ ಮಾಡಿದ್ದಾರೆ, ಅಷ್ಟೇ" ಎಂದು ತೀರ್ಪು ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ಆಗಲೇ ಶಾರದಕ್ಕ ಆ ಮಾತು ಹೇಳಿದ್ದು.

ಶಾರದಕ್ಕ ಮಿರ್ಲೆಯಿಂದ ಬಸ್ಸಿನಲ್ಲಿ ಬರುವವರು. (ಹೆಸರು ಬದಲಿಸಿದ್ದೇನೆ, ಬರಿ ಅಂದವರು ಅವರೇ.) ಹಣೆಯಲ್ಲಿ ವಿಭೂತಿ, ಚೀಲದಲ್ಲಿ ನಮಗೆಲ್ಲ ಕೋಡುಬಳೆ. ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗುವ ಜೀವ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡರು. ಸೊಸೆ ಅಂದರೆ ಹೀಗಿರಬೇಕು ಎಂದು ಊರೇ ಹೊಗಳಿತ್ತು.

"ತಮಾಷೆ ಮಾಡ್ಬೇಡಿ ಶಾರದಕ್ಕ" ಅಂದೆ.

"ತಮಾಷೆ ಅಲ್ಲ ಕಣವ್ವ. ಒಂದಿನ ಮದ್ಯಾನ ಆಗ್ತಾನೇ ಅತ್ತೆಮ್ಮನ ಬಟ್ಟೆ ಬದ್ಲಾಯ್ಸಿದ್ದೆ, ಮತ್ತೆ ಒದ್ದೆ ಮಾಡ್ಕಂಡ್ರು. ನಂಗೆ ಎಷ್ಟ್ ದಿನದಿಂದ್ಲೋ ನಿದ್ದೆ ಇಲ್ಲ. ದಿಂಬು ಎತ್ಕಂಡೆ. ತಲೆ ಕೆಳ್ಗೆ ಇಡಕ್ಕಲ್ಲ. ಮುಕದ ಮ್ಯಾಲೆ ಅದುಮಕ್ಕೆ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಆಮೇಲೆ?" ಅಂದೆ.

"ಕಣ್ಬುಟ್ರು. ನನ್ ಮುಕ ನೋಡಿ, 'ಉಂಡ್ಯಾ ಮಗ?' ಅಂದ್ರು. ಅಲ್ಲೇ ಕುಸುದ್ಬಿದ್ದು ಅತ್ಬುಟ್ಟೆ. ಆಮೇಲೂ ಬಾಳ ದಿನ ಬದ್ಕಿದ್ರು. ನಾನೇ ನೋಡ್ಕಂಡೆ. ನನ್ ಕೈಲಿದ್ದದ್ದು ಅವ್ರಿಗೆ ಗೊತ್ತಾಯ್ತೋ ಇಲ್ವೋ, ಕೇಳಕ್ಕೆ ದೈರ್ಯ ಬರ್ನಿಲ್ಲ."

ಪಕ್ಕದಲ್ಲಿದ್ದವರು ಶಾರದಕ್ಕನ ಕೈ ಹಿಡಿದುಕೊಂಡರು. ಶಾರದಕ್ಕ ಅಳಲಿಲ್ಲ. ಪುಸ್ತಕದ ಕಡೆ ತಿರುಗಿದರು.

"ಎಸೆದ್ಮೇಲೆ ಆ ಕಪ್ತಾನ ಏನ್ಮಾಡ್ದ ಅಂತ ಇದ್ರಲ್ಲಿ ಬರ್ದೇ ಇಲ್ಲ ನೋಡಿ. ಉಂಡ್ನಾ? ನಿದ್ದೆ ಬಂತಾ ಅವ್ನಿಗೆ?"

ಅವರೆಲ್ಲ ಹೋದ ಮೇಲೆ ಆ ಅಧ್ಯಾಯವನ್ನು ಮತ್ತೆ ತೆರೆದೆ. ನಾವಿಕ ನೀರಿಗೆ ಬೀಳುತ್ತಾನೆ, ಮುಂದಿನ ಸಾಲಿನಲ್ಲೇ ಹಡಗು ದಡ ಸೇರುತ್ತದೆ. ಕಪ್ತಾನನ ಆ ರಾತ್ರಿಗೆ ಅರ್ಧ ಸಾಲೂ ಇಲ್ಲ. ಅಷ್ಟು ದೊಡ್ಡ ಕಾದಂಬರಿ ಸೋತದ್ದು ಅಲ್ಲೇ.

ಹುಟ್ಟಾ ಕೆಟ್ಟವನು ಕೊಂದರೆ ನಮಗೇನು, ಪುಸ್ತಕ ಮುಚ್ಚಿ ಮಲಗಬಹುದು. ಶಾರದಕ್ಕನಂಥವರ ಕೈಯೇ ದಿಂಬಿಗೆ ಹೋಗಿತ್ತು ಅಂದಮೇಲೆ, ನಿಮ್ಮ ಕೈಗೆ, ನನ್ನ ಕೈಗೆ ಗ್ಯಾರಂಟಿ ಕೊಡುವವರು ಯಾರು?