ಖಾಲಾ ಜಗಿದು ನೋಡುತ್ತಿದ್ದ ಹಿಂಡಿ

ಪುಲಿಕೇಶಿನಗರದ ನಮ್ಮ ಗಲ್ಲಿಯಲ್ಲಿ ಹಾಲಿಗಾಗಿ ಆಡು ಸಾಕಿದ್ದ ಪಕ್ಕದ ಮನೆಯ ಹಿರಿಯಾಕೆಯನ್ನು ನಾವೆಲ್ಲ ಚಿಕ್ಕಮ್ಮ ಎನ್ನುವಂತೆ ಖಾಲಾ ಎನ್ನುತ್ತಿದ್ದೆವು. ಅಂಗಡಿಯಿಂದ ಹಿಂಡಿ ಬರಲಿ, ಮೆಕ್ಕೆಜೋಳದ ನುಚ್ಚು ಬರಲಿ, ಮೊದಲು ತಾವೇ ಒಂದು ಚಿಟಿಕೆ ಜಗಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮುಗ್ಗಲು ಹಿಡಿದಿದ್ದರೆ ಉಗಿದು, ಚೀಲವನ್ನೇ ವಾಪಸು ಕಳಿಸುತ್ತಿದ್ದರು.

“ನಮ್ ಬಾಯಿಗೆ ಆಗ್ದೇ ಇರೋದು ಅವುಗಳ ಬಾಯಿಗೆ ಯಾಕೆ?” ಎನ್ನುವುದು ಅವರ ಮಾತು.

ಒಂದು ಮಳೆಗಾಲ ಅವರ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಅದೇ ವಾರ ಕಡಲೆಕಾಯಿ ಹಿಂಡಿ ಬಂತು. ಆಗಷ್ಟೇ ಮೇವಿಗೆ ಬಾಯಿ ಹಾಕಲು ಕಲಿತಿದ್ದ ಮರಿ ಚೀಲದೊಳಗೆ ಮೂತಿ ತೂರಿಸಿತ್ತು. ಖಾಲಾ ಮರಿಯನ್ನು ತಮ್ಮತ್ತ ಎಳೆದುಕೊಂಡು, ಹಿಂಡಿಯ ಚೂರೊಂದನ್ನು ನನ್ನ ಅಂಗೈಯಲ್ಲಿಟ್ಟರು.

“ನೀನ್ ಜಗಿದು ಹೇಳು ಬೇಟಾ. ಮರಿ ಹೊಟ್ಟೆ ತಡ್ಕೊಳಲ್ಲ.”

ಜಗಿದೆ. ನೆನೆದ ಗೋಡೆಯಂಥ ಕಹಿ ನಾಲಿಗೆಗೆ ಅಂಟಿತು. ನಾನು ಹೇಳುವ ಮೊದಲೇ ಅವರು ನನ್ನ ಮುಖ ನೋಡಿ ಚೀಲದ ಬಾಯಿ ಕಟ್ಟಿದರು.

“ಉಗಿ, ಉಗಿ!”

ಒಳಗಿನಿಂದ ಬೆಲ್ಲ ತಂದರು. ಕಾಲಿಗೆ ಡಿಕ್ಕಿ ಹೊಡೆಯುತ್ತಿದ್ದ ಮರಿಯನ್ನು “ಇರೋ, ಮೊದ್ಲು ಇವನಿಗೆ” ಎಂದು ಗದರಿ, ಮೀಸೆ ನರೆತ ನನ್ನ ಬಾಯಿಗೆ ಒಂದು ಚೂರು ಇಟ್ಟರು. ಆಮೇಲೆ ಅದೇ ಬೆರಳುಗಳಿಂದ ಮರಿಗೆ ಎಳೆ ಸೊಪ್ಪು ಹಿಡಿದರು.