ಷಡ್ಡಕನ ಫ್ಯಾನು

ನನ್ನ ಗಂಡನಿಗೆ ಕಾರ್ಖಾನೆಯಲ್ಲಿ 'ನಡುಕದ ಡಾಕ್ಟರು' ಎಂದೇ ಹೆಸರು. ಯಂತ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಎಷ್ಟು ಸಲ ನಡುಗುತ್ತದೆ ಎಂದು ಅಳೆದು ರೋಗ ಹೇಳುವುದು ಅವರ ಕೆಲಸ. ಪ್ರತಿ ಸುತ್ತಿಗೆ ಒಂದು ಸಲವಾದರೆ ತೂಕ ಒಂದು ಕಡೆಗೆ ವಾಲಿದೆ. ಎರಡು ಸಲವಾದರೆ, ಬಹುಮಟ್ಟಿಗೆ, ಮೋಟಾರಿನ ಶಾಫ್ಟೂ ಯಂತ್ರದ ಶಾಫ್ಟೂ ಒಂದೇ ನೇರಕ್ಕೆ ಕೂತಿಲ್ಲ. ಮದುವೆಯಾದಂದಿನಿಂದ ಊಟದ ಜೊತೆ ಇದನ್ನೂ ನುಂಗಿದ್ದೇನೆ.

ಅವರಿಗೇ ಅಂಟಿದ ರೋಗ ಹೊಟ್ಟೆಕಿಚ್ಚು. ಅದಕ್ಕೆ ಕಾರಣ ನನ್ನ ತಂಗಿಯ ಗಂಡ. ಇವರೇ ಹೇಳಿ ಕೆಲಸಕ್ಕೆ ಸೇರಿಸಿದ ಷಡ್ಡಕ ನಗುನಗುತ್ತಾ ಇಡೀ ಕಾರ್ಖಾನೆಯನ್ನೇ ಗೆದ್ದುಕೊಂಡಿದ್ದ. ಅವನು ಹೊಸ ಅಂಗಿ ತೊಟ್ಟರೂ ಇವರಿಗೆ ಊಟ ಸೇರದು. ನಾನೇನು ಕಡಿಮೆಯಲ್ಲ, ತಂಗಿಯ ಮನೆಯ ಪರದೆ ನೋಡಿ ಬಂದ ದಿನವೇ ನಮ್ಮ ಮನೆಯ ಪರದೆ ಕಿತ್ತು ನೆಲ ಒರೆಸಲು ಹಾಕಿದವಳು.

ಈ ಸಲ ವಿಭಾಗದ ಮುಖ್ಯಸ್ಥನ ಜಾಗ ಖಾಲಿಯಾಯಿತು. ಇಬ್ಬರಲ್ಲಿ ಒಬ್ಬರಿಗೆ ಎಂದು ಮ್ಯಾನೇಜರು ಹೇಳಿದ್ದರು. ಅದೇ ಹೊತ್ತಿಗೆ ಬಾಯ್ಲರಿನ ಹೊಸ ಫ್ಯಾನು ಗಡಗಡ ನಡುಗತೊಡಗಿತು. ಅದನ್ನು ಮೋಟಾರಿಗೆ ಜೋಡಿಸಿದ್ದವನು ಷಡ್ಡಕ. ಇವರು ಅಳೆದರು: ಸುತ್ತಿಗೆ ಎರಡು ಸಲ. ಅವತ್ತು ಮನೆಗೆ ಬಂದವರ ಮುಖ ನೋಡಬೇಕಿತ್ತು. ಕೇಳಿ ಕೇಳಿ ಬಡಿಸಿಕೊಂಡು ಉಂಡರು. ಪಾಪ, ಅವನ ಕೈ ತಪ್ಪಿದೆ ಎಂದರು. ಆ 'ಪಾಪ'ದಲ್ಲಿ ಕನಿಕರ ಎಳ್ಳಷ್ಟೂ ಇರಲಿಲ್ಲ. ನಾನೂ ಆಗಲೇ ತಂಗಿಗೆ ಫೋನಿನಲ್ಲಿ ಹೇಳಬೇಕಾದ ಸಮಾಧಾನವನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ನನ್ನ ಬಾಯಿ ಸುಮ್ಮನಿರಬಾರದಿತ್ತೆ?

"ವೇಗ ಇಳಿಸಿ ನೋಡಿದ್ರಾ?" ಎಂದುಬಿಟ್ಟೆ.

ಒಂದೇ ವೇಗದಲ್ಲಿ ಅಳೆದು ತೀರ್ಪು ಕೊಡಬಾರದೆಂದು ನನಗೆ ಹೇಳಿಕೊಟ್ಟವರೇ ಅವರು. ಮುಖ ಹರಳೆಣ್ಣೆ ಕುಡಿದಂತಾಯಿತು. ನೋಡಿರಲಿಲ್ಲ. ನೋಡುವ ಮನಸ್ಸೇ ಇರಲಿಲ್ಲ ಎಂದರೆ ಸರಿ.

ಮರುದಿನ ನಿಧಾನವಾಗಿ ವೇಗ ಇಳಿಸುತ್ತಾ ಅಳೆದರು. ತಪ್ಪು ಷಡ್ಡಕನದಾಗಿದ್ದರೆ ನಡುಕವೂ ಸುತ್ತಿಗೆ ಎರಡರ ಲೆಕ್ಕದಲ್ಲೇ ವೇಗದ ಜೊತೆ ಇಳಿಯಬೇಕು. ಹಾಗಾಗಲಿಲ್ಲ. ಮೊದಲು ಅಡಗಿತು, ಇನ್ನೂ ಇಳಿಸಿದಾಗ ಸುತ್ತಿಗೆ ಮೂರು ಸಲವಾಗಿ ಮರಳಿತು, ಆದರೆ ಸೆಕೆಂಡಿಗೆ ಮೊದಲಿನಷ್ಟೇ ಸಲ. ಫ್ಯಾನಿನ ವೇಗಕ್ಕೆ ಸೊಪ್ಪು ಹಾಕದ ನಡುಕ ಫ್ಯಾನಿನದಲ್ಲ, ಅದು ಕೂತ ಕಬ್ಬಿಣದ ಸ್ಟ್ಯಾಂಡಿನದು. ಆ ಸ್ಟ್ಯಾಂಡಿನ ನಕ್ಷೆ ಬರೆದವರು ನನ್ನ ಗಂಡ.

ನಡುಕ ಅಳೆಯುವ ಯಂತ್ರದ ಪರದೆಯ ಮೇಲಿನ ಗೆರೆಗಳನ್ನು ಓದಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ, ಮುಚ್ಚಿಡಬಹುದಿತ್ತು. ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ಮ್ಯಾನೇಜರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜಾಗ ಷಡ್ಡಕನಿಗೆ ಹೋಯಿತು.

ಭಾನುವಾರ ಅವನು ತಂಗಿಯೊಂದಿಗೆ ಮನೆಗೆ ಬಂದ. ಜಂಬ ಕೊಚ್ಚಲಿಲ್ಲ, ಕೊಚ್ಚಿದ್ದರೆ ನಾವು ಬೈದುಕೊಂಡಾದರೂ ಹಗುರಾಗುತ್ತಿದ್ದೆವು. ಇವರ ಪಕ್ಕ ಕೂತು, "ಭಾವ, ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿರ್ಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ" ಎಂದ. ತಂಗಿ ಕಣ್ಣೊರೆಸಿಕೊಂಡಳು.

ಅವರು ಹೋದ ಮೇಲೂ ಇವರು ಬಾಗಿಲಲ್ಲೇ ನಿಂತಿದ್ದರು.

"ದೊಡ್ಡ ಮನಸ್ಸಿಲ್ಲ ಅಂತ ಎಷ್ಟು ಸಲೀಸಾಗಿ ಒಪ್ಕೊಂಡ ನೋಡು. ನನಗೆ ಅರ್ಧ ದಿನ ಬೇಕಾಯ್ತು. ಇದ್ರಲ್ಲೂ ಅವನೇ ಮುಂದೆ."