ಹರಿದ ಬಾವುಟಗಳಲ್ಲಿ ನೌಕಾಪಡೆಯನ್ನು ಓದಿದವಳು

ನೌಕಾನೆಲೆಯ ಹೊಲಿಗೆಕೋಣೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಹಡಗುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಏರಿಸುವ ಬಣ್ಣದ ಬಾವುಟಗಳನ್ನು ಹೊಲಿಯುವುದು, ಹರಿದು ಬಂದವನ್ನು ಸರಿಮಾಡುವುದು ಅವಳ ಪಾಲಿನ ಕೆಲಸ. ಹಾಗಾಗಿ ನೆಲೆಯಲ್ಲಿ ಎಲ್ಲರಿಗೂ ಅವಳು ಬಾವುಟದಕ್ಕ. ಕೋಣೆಯ ಕಿಟಕಿಯಿಂದ ಹಡಗುಗಳ ಮೂತಿ ಮಾತ್ರ ಕಾಣುತ್ತಿತ್ತು. ಉಳಿದ ಮೈಗೆ ಎಣ್ಣೆ ಟ್ಯಾಂಕು ಅಡ್ಡ.

ಒಂದು ಬೆಳಿಗ್ಗೆ ಅವಳ ಅತ್ತೆ ತರಕಾರಿ ಹೆಚ್ಚುತ್ತಾ ಕೇಳಿದರು. "ಅಲ್ವೇ, ನಿಮ್ಮ ಹಡಗಿನವರು ನಾನು ಕಂಡ ಹಾಗೆ ಒಂದು ಯುದ್ಧನೂ ಮಾಡಿಲ್ಲ. ಮತ್ತೆ ಬಾವುಟ ಯಾಕೆ ಇಷ್ಟೊಂದು ಹರೀತವೆ?"

ಬಾವುಟದಕ್ಕ ಅದನ್ನೇ ಗಂಡನನ್ನು ಕೇಳಿದಳು. ಅವನು ಅದೇ ಪಡೆಯ ಒಂದು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. "ನಾನಿರೋದು ಹಡಗಿನ ಹೊಟ್ಟೆಯಲ್ಲಿ. ನೆತ್ತಿ ಮೇಲೆ ಏನು ಹಾರ್ತದೆ ಅಂತ ನನಗೇನು ಗೊತ್ತು?" ಎಂದು ನಕ್ಕುಬಿಟ್ಟ.

ಅತ್ತೆಯ ಪ್ರಶ್ನೆ ಮಾತ್ರ ತಲೆಯಿಂದ ಇಳಿಯಲಿಲ್ಲ. ಇಷ್ಟು ವರ್ಷ ಹೊಲಿದಿದ್ದರೂ ಯಾವ ಬಾವುಟ ಏನು ಹೇಳುತ್ತದೆ ಎಂದು ತನಗೇ ತಿಳಿಯದು! ಅವಳಿಗೆ ನಾಚಿಕೆಯಾಯಿತು. ಬಾವುಟಗಳನ್ನು ಕೊಟ್ಟು ತೆಗೆದುಕೊಳ್ಳುವ ಉಗ್ರಾಣದ ಮಾಮ ಹಿಂದೆ ಇಪ್ಪತ್ತಾರು ವರ್ಷ ಹಡಗಿನ ಮೇಲೆ ಸಂಕೇತ ಓದುತ್ತಿದ್ದವರು. ಮಧ್ಯಾಹ್ನದ ಬಿಡುವಿನಲ್ಲಿ ಅವರನ್ನೇ ಹಿಡಿದಳು.

"ಮಾಮ, ಈ ಹಡಗುಗಳು ಇಲ್ಲೇ ಯಾಕಿವೆ? ದೊಡ್ಡ ಬಂದರು ಆ ಕಡೆ ಇದೆಯಲ್ಲ?"

ಮಾಮ ಅವಳ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದರು. ಎರಡು ಕಡೆ ಕಂದು ಬಟ್ಟೆಯ ತುಂಡುಗಳನ್ನಿಟ್ಟು ನಡುವೆ ಒಂದು ಗೇಣು ಬಿಟ್ಟರು. "ಈ ದಡ ನಮ್ಮದು, ಆ ದಡ ಪಕ್ಕದ ದೇಶದವರದು. ನಡುವೆ ಹದಿನೆಂಟು ಮೈಲಿ ನೀರು. ಧಾನ್ಯದ ಹಡಗು, ಎಣ್ಣೆ ಹಡಗು ಎಲ್ಲಾ ಇದರಲ್ಲೇ ತೂರಿ ಬರಬೇಕು. ಈ ಗಂಟಲು ಕಟ್ಟಿದ್ರೆ ಒಳಗಿನ ಐದು ಬಂದರಿಗೂ ತುತ್ತಿಲ್ಲ." ನೂಲಿನ ಉಂಡೆಯೊಂದನ್ನು ದಡದ ಮೂಲೆಗೆ ತಳ್ಳಿದರು. "ಮೊದಲು ನಮ್ಮ ಪಡೆ ಹೊಳೆಯ ಬಾಯಲ್ಲಿತ್ತು. ಹೂಳು ತುಂಬಿ ಹಡಗಿನ ತಳ ನೆಲಕ್ಕೆ ತಾಗೋಕೆ ಶುರುವಾಯ್ತು. ಇಲ್ಲಿ ದಡದ ಬುಡದಲ್ಲೇ ನೀರು ಆಳ. ಎದುರಿಗೆ ಗುಡ್ಡ ಇದೆ, ಹೊರಗಿನವರಿಗೆ ಕಾಣಲ್ಲ. ಹೊರಟರೆ ಅರ್ಧ ಗಂಟೆಗೆ ಗಂಟಲ ಹತ್ರ."

"ಆವಾಗ ಏನು ಮಾಡ್ತಿದ್ರು?"

"ಯಾರೋ ಯಾರ ಮೇಲೋ ಯುದ್ಧ ಮಾಡಿ ನೀರಲ್ಲಿ ಸಿಡಿಮದ್ದು ಬಿಟ್ಟು ಹೋಗಿದ್ರು. ಅದನ್ನ ಗುಡಿಸೋ ದೋಣಿಗಳೇ ನಮ್ಮ ಮೊದಲ ನೌಕಾಪಡೆ. ಕಸಗುಡಿಸೋರು ಅಂತ ಊರವರು ಆಡಿಕೊಳ್ತಿದ್ರಂತೆ."

ಅಂದಿನಿಂದ ಬಾವುಟದಕ್ಕ ಒಂದು ನೋಟ್‌ಬುಕ್ ಇಟ್ಟಳು. ಯಾವ ಹಡಗಿನಿಂದ ಯಾವ ಬಾವುಟ ಬಂತು, ಎಲ್ಲಿ ಹರಿದಿದೆ, ಅದರ ಅರ್ಥವೇನು ಎಂದೆಲ್ಲ ಬರೆದಳು. ಅರ್ಥಗಳನ್ನು ಮಾಮ ಹೇಳಿಕೊಟ್ಟರು. ಬಿಳಿ ಕೆಂಪು: ದಾರಿ ತೋರಿಸುವವನು ಹಡಗಿನಲ್ಲಿದ್ದಾನೆ. ಹಳದಿ ಕಪ್ಪು ಚೌಕ: ತಕ್ಷಣ ನಿಲ್ಲಿ. ಮನೆಯಲ್ಲೂ ಅದೇ ಜಪ. ಅತ್ತೆ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಹಳದಿ ಕಪ್ಪು ಚಿಂದಿ ಕಟ್ಟಿ, "ಒಳಗೆ ಬರಬೇಡ, ನೆಲ ಒರೆಸಿದ್ದೀನಿ" ಎಂದರು.

ನೋಟ್‌ಬುಕ್ ಇಟ್ಟ ಎರಡನೆಯ ವರ್ಷ ಆಚೆ ದಡದವರು ಒಂದು ಘೋಷಣೆ ಹೊರಡಿಸಿದರು: ಇನ್ನು ತಮ್ಮ ಅಪ್ಪಣೆಯಿಲ್ಲದೆ ಯಾವ ಸರಕು ಹಡಗೂ ಆ ಗಂಟಲನ್ನು ದಾಟುವಂತಿಲ್ಲ. ಮರುದಿನವೇ ಹೊಲಿಗೆಕೋಣೆಗೆ ಆದೇಶ ಬಂತು. ನಾಲ್ಕು ದಿನದಲ್ಲಿ ಎಂಟು ಸಮರಧ್ವಜ ಬೇಕು. ಒಂದೊಂದೂ ಜೋಡಿ ಮಂಚದ ಹೊದಿಕೆಯಷ್ಟು ದೊಡ್ಡದು.

"ಇಷ್ಟು ದೊಡ್ಡದು ಯಾಕೆ ಮಾಮ?"

"ಹೊಗೆ ಎದ್ದಾಗಲೂ ಕಾಣಬೇಕಲ್ಲಮ್ಮ. ಇಲ್ದಿದ್ರೆ ನಮ್ಮವರ ಮೇಲೆ ನಮ್ಮವರೇ ಹೊಡೀತಾರೆ."

ಅವಳು ಒಂದು ಅಂಚನ್ನು ಹೊಲಿದು, ಹೊಲಿದದ್ದು ಮರೆತು ಅದನ್ನೇ ಮತ್ತೆ ಹೊಲಿದಳು. ಎಂಟೂ ಸಿದ್ಧವಾದವು. ಮಡಚಿ, ತಾನೇ ದಾರದಿಂದ ಬಿಗಿದು ಕಳಿಸಿದಳು. ಗಂಡ ಚೀಲ ಹೆಗಲಿಗೇರಿಸಿ, "ಎಂಜಿನ್ ಬಿಟ್ಟು ಎಲ್ಲಿಗೆ ಹೋಗ್ತೀನಿ, ಬರ್ತೀನಿ ಬಿಡು" ಎಂದು ಹೊರಟ. ಕಿಟಕಿಯಲ್ಲಿ ಕಾಣುತ್ತಿದ್ದ ಮೂತಿಗಳು ಒಂದೊಂದಾಗಿ ಸರಿದು ಬರೀ ನೀರು ಉಳಿಯಿತು.

ಹತ್ತೊಂಬತ್ತು ದಿನ ಸುದ್ದಿಯಿಲ್ಲ. ಅತ್ತೆ ದಿನಕ್ಕೆ ಮೂರು ಸಲ ಹಿತ್ತಲ ಗೋಡೆಯ ಬಳಿ ನಿಂತು ಸಮುದ್ರದ ಕಡೆಗೆ ಕಿವಿಗೊಡುತ್ತಿದ್ದರು. ಇಪ್ಪತ್ತನೆಯ ದಿನ ಹಡಗುಗಳು ಬಂದವು. ಎಲ್ಲರೂ ಬಂದರು. ಗಂಡ ಸ್ನಾನ ಮಾಡಿ ಮಲಗಿದವನು ಹದಿನಾಲ್ಕು ಗಂಟೆ ಎದ್ದೇಳಲಿಲ್ಲ.

ಹಡಗುಗಳು ಮರಳಿದ ಮೂರನೆಯ ದಿನ ಬಾವುಟಗಳ ಮೂಟೆಗಳು ಬಂದವು. ಸಮರಧ್ವಜಗಳ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ಆದರೆ ಇನ್ನೊಂದು ಮೂಟೆ ಸುರಿದಾಗ ಅವಳು ಬೆರಗಾದಳು. ಇಪ್ಪತ್ತೊಂಬತ್ತು ಬಾವುಟ, ಎಲ್ಲವೂ ಒಂದೇ ಬಗೆ: ಅರ್ಧ ಹಳದಿ, ಅರ್ಧ ನೀಲಿ. ಗಾಳಿಗೆ ಬಡಿದುಕೊಂಡು ನೀಲಿ ಅಂಚು ನೂಲು ನೂಲಾಗಿತ್ತು. ನೋಟ್‌ಬುಕ್ ತೆರೆದು ನೋಡಿದಳು. ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದ ಬಾವುಟ ಅದು.

"'ನಿಮ್ಮ ಜೊತೆ ಮಾತಾಡಬೇಕು' ಅಂತ ಇದರರ್ಥ, ಆಗ್ಲೇ ಹೇಳಿದ್ನಲ್ಲ," ಎಂದರು ಮಾಮ. "ರೇಡಿಯೋಗೆ ಆ ಕಡೆಯವರು ಉತ್ತರ ಕೊಡದಿದ್ರೆ ಕಣ್ಣಿಗೆ ಕಾಣೋ ಹಾಗೆ ಇದನ್ನೇ ಏರಿಸ್ತಾರೆ."

ಸಂಜೆ ಗಂಡನನ್ನು ಕೂರಿಸಿಕೊಂಡು ಕೇಳಿದಳು. "ಎಂಜಿನ್ ಏನು ಮಾಡ್ತಿತ್ತು ರೀ?"

"ನಿಲ್ಲು, ಸ್ವಲ್ಪ ಮುಂದೆ, ನಿಲ್ಲು, ಸ್ವಲ್ಪ ಹಿಂದೆ. ಹತ್ತೊಂಬತ್ತು ದಿನ ಇಷ್ಟೇ. ತಲೆ ಕೆಟ್ಟುಹೋಯ್ತು."

ಈಗ ಅವಳಿಗೆ ಚಿತ್ರ ಕೂಡಿಬಂತು. ಸರಕು ಹಡಗಿನ ಪಕ್ಕದಲ್ಲಿ ನಮ್ಮ ಹಡಗುಗಳು, ಎದುರಿಗೆ ಅವರವು. ಯಾರೂ ಹಿಂದೆ ಸರಿಯಲಿಲ್ಲ, ಯಾರೂ ಗುಂಡು ಹಾರಿಸಲಿಲ್ಲ. ಅವರು ಕೊನೆಗೆ ಉತ್ತರ ಕೊಡುವವರೆಗೆ ಹಳದಿ ನೀಲಿ ಬಾವುಟ ಕೆಳಗಿಳಿಯಲಿಲ್ಲ. ಅತ್ತೆಗೆ ಹೇಳಿದಾಗ ಅವರು, "ನಾನೂ ನಿಮ್ಮ ಮಾವನೂ ಒಂದು ಸಲ ಹನ್ನೆರಡು ದಿನ ಹೀಗೇ ಇದ್ವಿ" ಎಂದರು.

ಬಾವುಟದಕ್ಕ ಯಾರನ್ನೂ ಕೇಳದೆ ಹಳದಿ ನೀಲಿಯ ಅಂಚಿಗೆ ಎರಡು ಪದರ ಬಟ್ಟೆ ಕೊಟ್ಟು ಹೊಲಿಯತೊಡಗಿದಳು. ಹೊಲಿಗೆಕೋಣೆಯ ಮೇಲ್ವಿಚಾರಕ ಬೈದ, ಆದರೆ ಆರು ತಿಂಗಳ ನಂತರ ಹಾಗೆಯೇ ಹೊಲಿಯಬೇಕೆಂದು ಅವನೇ ಆದೇಶ ತಂದುಕೊಟ್ಟ. ಮುಂದೆ, ಪಡೆಯ ಚರಿತ್ರೆ ಬರೆಯುತ್ತಿದ್ದ ಅಧಿಕಾರಿಯೊಬ್ಬರು ಅವಳ ನೋಟ್‌ಬುಕ್ಕಿನ ಸುದ್ದಿ ಕೇಳಿ ಬಂದು, ನಾಲ್ಕು ಮಧ್ಯಾಹ್ನ ಅದೇ ಮೇಜಿನ ಬಳಿ ಕೂತು ಪ್ರತಿ ಮಾಡಿಕೊಂಡರು.

ಪುಸ್ತಕ ಅಚ್ಚಾಗಿ ಬಂದ ದಿನ ಅವಳು ಅತ್ತೆಗೆ ಓದಿಹೇಳಲು ಕೂತು ಎರಡನೆಯ ಪುಟದಲ್ಲೇ ನಿಂತಳು.

"ಏನಾಯ್ತೇ?"

"ಮೊದಲು ಸಿಡಿಮದ್ದು ಗುಡಿಸೋ ಮೂರು ದೋಣಿ ಇದ್ವು ಅಂತ ಬರೆದಿದ್ದಾರೆ. ಉಗ್ರಾಣದ ಹಳೇ ಪುಸ್ತಕದಲ್ಲಿ ನಾಲ್ಕು ದೋಣಿಗೆ ಬಾವುಟ ಕೊಟ್ಟಿದ್ದು ನಾನೇ ನೋಡಿದ್ದೀನಿ. ಆ ನಾಲ್ಕನೇದು ಎಲ್ಲಿಗೆ ಹೋಯ್ತು ಅತ್ತೆ?"

"ನನ್ನನ್ನ ಕೇಳ್ತೀಯಲ್ಲ, ನಾನೇನು ಮುಳುಗಿಸಿದ್ನಾ?"

ಉಗ್ರಾಣದ ಮಾಮನ ಬಳಿಗೆ ಹೊರಡಲು ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.